ರೇಸ್ ಫೋಟೋ: ಟಿಕೆಟ್ ಸಾಕಾ, ಮೀಡಿಯಾ ಪಾಸೇ ಬೇಕಾ?

ಬೇಲಿ_ಪಕ್ಕ: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಬೈಕ್ ರೇಸ್ ನೋಡಲು ಹೋಗಿದ್ದೆ. 400 ಫೋಟೋ ತೆಗೆದೆ. ಅರ್ಧಕ್ಕರ್ಧ ಫೋಟೋಗಳಲ್ಲಿ ತಂತಿ ಜಾಲರಿ ಸ್ಪಷ್ಟ, ಬೈಕ್ ಮಸುಕು. ತುಂಬಾ ಬೇಜಾರಾಯಿತು. ಮೀಡಿಯಾ ಪಾಸ್ (ಪತ್ರಕರ್ತರನ್ನು ಬೇಲಿಯೊಳಗೆ ಬಿಡುವ ಅನುಮತಿ) ಇಲ್ಲದೆ ಒಳ್ಳೆ ಫೋಟೋ ಸಿಗುವುದೇ ಇಲ್ವಾ?

ಪ್ಯಾನಿಂಗ್_ಪ್ರಿಯೆ: ಖಂಡಿತ ಸಿಗುತ್ತೆ. ಲೆನ್ಸನ್ನು ಜಾಲರಿಗೆ ಆದಷ್ಟು ಹತ್ತಿರ ಹಿಡಿಯಿರಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಅಗಲವಾಗಿ f/2.8 ಅಥವಾ f/4 ಇಡಿ. ಬೈಕ್ ದೂರದಲ್ಲಿದ್ದರೆ ತಂತಿ ಕಾಣುವುದೇ ಇಲ್ಲ. ತಂತಿ ಮೇಲೆ ಬಿಸಿಲು ಬಿದ್ದರೆ ಮಾತ್ರ ಬಿಳಿ ಮಬ್ಬು ಬರುತ್ತೆ. ಆಗ ಟೋಪಿ ಅಡ್ಡ ಹಿಡಿದು ಅಷ್ಟು ಜಾಗಕ್ಕೆ ನೆರಳು ಮಾಡಿ. ಶಟರ್ ವೇಗ 1/125 ಸೆಕೆಂಡಿಗೆ ಇಳಿಸಿ, ಸೊಂಟದಿಂದ ತಿರುಗುತ್ತಾ ಬೈಕ್ ಜೊತೆಗೇ ಸಾಗಿ.

ಪಿಟ್_ಲೇನ್: ಮೇಡಂ, ತಂತಿ ಮಾಯವಾಗಬಹುದು, ಆದರೆ ನಿಲ್ಲುವ ಜಾಗ ಬದಲಾಗಲ್ಲವಲ್ಲ. ಮೀಡಿಯಾ ಜಾಕೆಟ್ ಹಾಕಿಕೊಂಡು ತಿರುವಿನ ಹತ್ತಿರ ನೆಲಮಟ್ಟದಲ್ಲಿ ಕೂತರೆ, ಸವಾರನ ಮೊಣಕಾಲು ರಸ್ತೆಗೆ ಉಜ್ಜುವುದು ಕಾಣುತ್ತೆ. ಸ್ಟ್ಯಾಂಡ್‌ನಿಂದ (ಪ್ರೇಕ್ಷಕರು ಕೂರುವ ಜಾಗ) ಅದು ಸಿಗಲ್ಲ.

ಪ್ಯಾನಿಂಗ್_ಪ್ರಿಯೆ: ಒಪ್ಪಿದೆ ಸರ್. ಆದರೆ 2023ರಲ್ಲಿ ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್‌ನ ಮೋಟೋಜಿಪಿ ಬೈಕ್ ರೇಸಿಗೆ ಟಿಕೆಟ್ ತಗೊಂಡು ಹೋಗಿದ್ದೆ. ಮುಖ್ಯ ಸ್ಟ್ಯಾಂಡ್‌ನ ಮೇಲಿನ ಸಾಲು, ಜಾಲರಿ ಅಡ್ಡವೇ ಬರಲಿಲ್ಲ. ಬೈಕ್‌ಗಳೆಲ್ಲ ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿದ್ದು ಒಂದೇ ಫೋಟೋದಲ್ಲಿ ಸಿಕ್ಕಿತು. ನೆಲದಲ್ಲಿ ಕೂತವರಿಗೆ ಅದು ಸಿಗುತ್ತಾ?

ಪಿಟ್_ಲೇನ್: ಇಲ್ಲ, ನಿಜ. ಇನ್ನೊಂದು ಮಾತು, ಪಾಸ್ ಅಂದರೆ ಕೆಲಸ. ಗೆದ್ದವರು, ಬಿದ್ದವರು, ಪೋಡಿಯಂ (ಬಹುಮಾನದ ವೇದಿಕೆ), ಎಲ್ಲ ಬೇಕು. ಸಂಜೆಯೊಳಗೆ ಕಳಿಸಬೇಕು. ಇಷ್ಟದ ತಿರುವಲ್ಲಿ ಇಡೀ ದಿನ ನಿಲ್ಲುವ ಸುಖ ಟಿಕೆಟ್‌ನವರಿಗೇ.

ಕಾಫಿನಾಡು: ನಮ್ಮ ಚಿಕ್ಕಮಗಳೂರು ಕಡೆ ಕಾರ್ ರ‍್ಯಾಲಿಗೆ ಬನ್ನಿ. ತೋಟದ ಮಣ್ಣುರಸ್ತೆ, ಹೆಚ್ಚಿನ ಕಡೆ ಜಾಲರಿಯೇ ಇಲ್ಲ. ಅದಕ್ಕೇ ಭಯ ಜಾಸ್ತಿ. ಕಾರು ಜಾರಿದರೆ ಹೆಚ್ಚಾಗಿ ತಿರುವಿನ ಹೊರಬದಿಗೇ ಬರುತ್ತೆ, ಅಲ್ಲಿ ಮಾತ್ರ ನಿಲ್ಲಲೇಬೇಡಿ. ಒಳಬದಿಯ ದಿಬ್ಬ ಹತ್ತಿ, ರಸ್ತೆಯಿಂದ ದೂರ ನಿಲ್ಲಿ. ಮಾರ್ಷಲ್ (ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿ) 'ಹಿಂದೆ ಸರಿಯಿರಿ' ಅಂದರೆ ಪಾಸ್ ಇದ್ದವರೂ ಸರಿಯಲೇಬೇಕು.

ಬೇಲಿ_ಪಕ್ಕ: ಸರ್, ಪಾಸ್ ಕೇಳಬೇಕಾದರೆ ಏನು ಬೇಕು?

ಪಿಟ್_ಲೇನ್: ಸಾಮಾನ್ಯವಾಗಿ ಪತ್ರಿಕೆ ಅಥವಾ ವೆಬ್‌ಸೈಟಿನ ಪತ್ರ, ಜೊತೆಗೆ ಹಿಂದೆ ತೆಗೆದ ಫೋಟೋಗಳು. ನಾನು ಮೊದಲ ಸಲ ತೋರಿಸಿದ್ದು ಸ್ಟ್ಯಾಂಡ್‌ನಿಂದ ತೆಗೆದ ಹನ್ನೆರಡು ಫೋಟೋ.

ಪ್ಯಾನಿಂಗ್_ಪ್ರಿಯೆ: ಮುಂದಿನ ಸಲ ಪ್ರಾಕ್ಟೀಸ್ ದಿನವೇ ಹೋಗಿ. ಸ್ಟ್ಯಾಂಡ್ ಖಾಲಿ ಇರುತ್ತೆ, ಜಾಲರಿ ಅಡ್ಡ ಬರದ ಜಾಗ ಆರಾಮಾಗಿ ಹುಡುಕಬಹುದು.