ಮೂರನೇ ಸೆಮಿಸ್ಟರ್ ಕೈಕೊಟ್ಟಿದೆ, ಸಿಜಿಪಿಎ ಎಲ್ಲಿಯವರೆಗೆ ಮೇಲೆತ್ತಬಹುದು?

ಮೂರನೇ ಸೆಮ್:
ಎಂಟು ಸೆಮಿಸ್ಟರಿನ ಕೋರ್ಸು. ಒಟ್ಟು 160 ಕ್ರೆಡಿಟ್, ಗ್ರೇಡ್ 10 ಪಾಯಿಂಟಿನ ಲೆಕ್ಕ. ಮೊದಲ ಸೆಮ್ ಎಸ್‌ಜಿಪಿಎ (ಆ ಒಂದು ಸೆಮಿನ ಸರಾಸರಿ ಗ್ರೇಡ್) 7.8, ಎರಡನೆಯದು 7.4, ಮೂರನೆಯದು ದಬಕ್ಕೆಂದು 5.0. ಮೂರರಲ್ಲೂ ತಲಾ 20 ಕ್ರೆಡಿಟ್. ಮೂರನೇ ಸೆಮಿನ ಮಾರ್ಕ್ಸ್ ಕಾರ್ಡ್ ಹೀಗಿದೆ:

ಗಣಿತ: 4 ಕ್ರೆಡಿಟ್, ಎಫ್ (0)
ಡೇಟಾ ಸ್ಟ್ರಕ್ಚರ್ಸ್: 4 ಕ್ರೆಡಿಟ್, 5
ಡಿಜಿಟಲ್ ಎಲೆಕ್ಟ್ರಾನಿಕ್ಸ್: 4 ಕ್ರೆಡಿಟ್, 6
ಅರ್ಥಶಾಸ್ತ್ರ: 3 ಕ್ರೆಡಿಟ್, 6
ಎರಡು ಲ್ಯಾಬ್: ತಲಾ 2 ಕ್ರೆಡಿಟ್, 8
ಸೆಮಿನಾರ್: 1 ಕ್ರೆಡಿಟ್, 6

ಗಣಿತದಲ್ಲಿ ಇಂಟರ್ನಲ್ಸ್ (ಸೆಮ್ ನಡುವೆ ಕಾಲೇಜಿನಲ್ಲೇ ಕೊಡುವ ಅಂಕ) ಪರವಾಗಿಲ್ಲ, ಫೈನಲ್‌ನಲ್ಲಿ 100ಕ್ಕೆ 28. ಕೊನೆಗೆ ಸಿಜಿಪಿಎ (ಎಲ್ಲ ಸೆಮ್ ಸೇರಿದ ಸರಾಸರಿ ಗ್ರೇಡ್) 7.5 ಮುಟ್ಟಲು ಸಾಧ್ಯವೇ? 8 ಅನ್ನುವುದು ಬರೀ ಆಸೆಯೇ? ಗಣಿತದ ಜೊತೆ ಡೇಟಾ ಸ್ಟ್ರಕ್ಚರ್ಸ್, ಡಿಜಿಟಲ್ ಎರಡನ್ನೂ ಇಂಪ್ರೂವ್‌ಮೆಂಟ್‌ಗೆ (ಪಾಸಾದ ವಿಷಯವನ್ನೇ ಗ್ರೇಡ್ ಏರಿಸಲು ಮತ್ತೆ ಬರೆಯುವುದು) ಕಟ್ಟಿಬಿಡೋಣ ಅಂತಿದ್ದೇನೆ. ತಿಳಿದವರು ಹೇಳಿ.

ಕೂಡಿ ಕಳೆ:
ಮೊದಲು ಲೆಕ್ಕ. ಸಿಜಿಪಿಎ ಅಂದರೆ ಎಸ್‌ಜಿಪಿಎಗಳ ಸರಾಸರಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎಲ್ಲ ಸೆಮಿಗೂ ಕ್ರೆಡಿಟ್ ಒಂದೇ ಇದ್ದರೆ ಮಾತ್ರ ಅದು ಸರಿ. ನಿಜವಾದ ಲೆಕ್ಕ: ಪ್ರತಿ ವಿಷಯದ ಕ್ರೆಡಿಟ್ ಗುಣಿಸು ಗ್ರೇಡ್ ಪಾಯಿಂಟ್, ಎಲ್ಲ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ.

ನಿಮ್ಮದು 156 + 148 + 100 = 404. ಅದನ್ನು 60ರಿಂದ ಭಾಗಿಸಿದರೆ 6.73.

ಗಣಿತ ಮತ್ತೆ ಬರೆದು 7 ತೆಗೆದರೆ 28 ಪಾಯಿಂಟ್ ಸೇರಿ 432, ಅಂದರೆ 7.20. ಒಂದೇ ಪೇಪರಿನಿಂದ 0.47 ಏರಿಕೆ. ಎಫ್ ಅಂದರೆ ಸೊನ್ನೆ. ಸೊನ್ನೆಯಿಂದ ಏಳಕ್ಕೆ ಹೋದಷ್ಟು ಲಾಭ ಐದರಿಂದ ಎಂಟಕ್ಕೆ ಹೋದರೆ ಸಿಗುವುದಿಲ್ಲ. ಡೇಟಾ ಸ್ಟ್ರಕ್ಚರ್ಸ್ 5ರಿಂದ 8 ಆದರೆ 12 ಪಾಯಿಂಟ್, ಇವತ್ತಿನ ಲೆಕ್ಕಕ್ಕೆ 0.2. ಡಿಗ್ರಿ ಮುಗಿಯುವ ಹೊತ್ತಿಗೆ ಅದೇ 12 ಪಾಯಿಂಟ್ 160 ಕ್ರೆಡಿಟ್ ಮೇಲೆ ಹರಡಿ 0.075 ಆಗುತ್ತದೆ.

ಈಗ ಗುರಿ. ಗಣಿತ 7ರಲ್ಲಿ ಕ್ಲಿಯರ್ ಆಯಿತು ಅಂದುಕೊಳ್ಳೋಣ. 7.5ಕ್ಕೆ ಒಟ್ಟು 1200 ಪಾಯಿಂಟ್ ಬೇಕು, 432 ಕಳೆದರೆ ಉಳಿದ 100 ಕ್ರೆಡಿಟ್‌ಗೆ 768. ಅಂದರೆ ಇನ್ನು ಐದೂ ಸೆಮಿನಲ್ಲಿ 7.68 ಸರಾಸರಿ. ನಿಮ್ಮ ಮೊದಲ ಸೆಮ್ 7.8 ಇತ್ತು, ಹಾಗಾಗಿ ಇದು ಕೈಗೆಟುಕುವ ಮಾತು. 8ಕ್ಕೆ 848 ಬೇಕು, ಸರಾಸರಿ 8.48. ಇದುವರೆಗೆ ಒಂದು ಸೆಮಿನಲ್ಲೂ 8 ದಾಟಿಲ್ಲ, ಐದು ಸೆಮ್ ಸತತವಾಗಿ ಎಂಟೂವರೆ ಅನ್ನುವುದನ್ನು ಯೋಜನೆ ಅಂತ ಕರೆಯಲಾರೆ.

ಮೂರು ವಿಷಯ ಒಟ್ಟಿಗೆ ಕಟ್ಟುವುದು ನನಗಂತೂ ಒಪ್ಪಿಗೆಯಿಲ್ಲ. ಡೇಟಾ ಸ್ಟ್ರಕ್ಚರ್ಸ್‌ನಿಂದ 12 ಪಾಯಿಂಟ್ ಗಳಿಸಲು ಹೋಗಿ ಈ ಸೆಮಿನ 20 ಕ್ರೆಡಿಟ್‌ನಲ್ಲಿ ಎಸ್‌ಜಿಪಿಎ 0.6 ಬಿದ್ದರೆ ಆ 12 ಪಾಯಿಂಟ್ ಅಲ್ಲೇ ಹೋಯಿತು. 0.6 ಬೀಳುವುದು ಎಷ್ಟು ಸುಲಭ ಅಂತ ನಿಮಗೆ ಹೇಳಬೇಕಾಗಿಲ್ಲ.

ನಿಯಮ ನೋಡಿ:
ಮೇಲಿನ ಲೆಕ್ಕ ಸರಿ, ಆದರೆ ಅದು ನಿಮ್ಮ ವಿಶ್ವವಿದ್ಯಾಲಯದ ರೆಗ್ಯುಲೇಷನ್ ಮೇಲೆ ನಿಂತಿದೆ. ಫೀಸ್ ಕಟ್ಟುವ ಮೊದಲು ನಿಮ್ಮ ಬ್ಯಾಚಿಗೆ ಅನ್ವಯಿಸುವ ರೆಗ್ಯುಲೇಷನ್ ಪಿಡಿಎಫ್ ತೆರೆಯಿರಿ (ಬ್ಯಾಚ್ ಬದಲಾದರೆ ನಿಯಮವೂ ಬದಲಾಗಿರಬಹುದು, ಸೀನಿಯರ್ ಹೇಳಿದ್ದು ನಿಮಗೆ ಹೊಂದಬೇಕೆಂದಿಲ್ಲ).

ಮುಖ್ಯವಾಗಿ ನೋಡಬೇಕಾದ್ದು, ಮತ್ತೆ ಬರೆದಾಗ ಹಳೆಯ ಗ್ರೇಡ್ ಅಳಿಸಿ ಹೊಸದು ಬರುತ್ತದೋ, ಎರಡರ ಸರಾಸರಿಯೋ, ಎರಡರಲ್ಲಿ ಹೆಚ್ಚಿನದೋ. ಸರಾಸರಿ ಅಂತಿದ್ದರೆ ನಿಮ್ಮ 7 ಅನ್ನುವುದು 3.5 ಆಗಿ ಕೂತುಬಿಡುತ್ತದೆ. ಕೆಲವು ಕಡೆ ಬ್ಯಾಕ್ (ಫೇಲಾಗಿ ಉಳಿದ ಪೇಪರ್) ಕ್ಲಿಯರ್ ಮಾಡಿದವರಿಗೆ ಗ್ರೇಡಿಗೊಂದು ಮಿತಿ ಇರುತ್ತದೆ, ಎಷ್ಟೇ ಚೆನ್ನಾಗಿ ಬರೆದರೂ ಅದಕ್ಕಿಂತ ಮೇಲೆ ಕೊಡುವುದಿಲ್ಲ. ಪಾಸಾದ ವಿಷಯಕ್ಕೆ ಇಂಪ್ರೂವ್‌ಮೆಂಟ್ ಅವಕಾಶವೇ ಇಲ್ಲದ ಕಡೆಗಳೂ ಇವೆ. ಆಗ ಡೇಟಾ ಸ್ಟ್ರಕ್ಚರ್ಸ್ ಚರ್ಚೆ ಇಲ್ಲಿಗೇ ಮುಗಿಯಿತು.

ಇಂಟರ್ನಲ್ಸ್ ಹಾಗೇ ಉಳಿಯುತ್ತದೋ, ಕ್ಲಾಸಿಗೆ ಮತ್ತೆ ಹೆಸರು ನೋಂದಾಯಿಸಿ ಹೊಸದಾಗಿ ಗಳಿಸಬೇಕೋ ಅನ್ನುವುದು ಎರಡನೆಯದು. ಮತ್ತೆ ನೋಂದಾಯಿಸಬೇಕು ಅಂದರೆ ಹಾಜರಾತಿಯೂ ಮತ್ತೆ ಮೊದಲಿನಿಂದ, ಟೈಮ್‌ಟೇಬಲ್‌ನಲ್ಲಿ ಈ ಸೆಮಿನ ಕ್ಲಾಸಿಗೆ ಡಿಕ್ಕಿ ಹೊಡೆಯುತ್ತದೆಯೇ ನೋಡಿಕೊಳ್ಳಿ. ಗಣಿತ ಮುಂದಿನ ಯಾವುದಾದರೂ ವಿಷಯಕ್ಕೆ ಪ್ರಿರಿಕ್ವಿಸಿಟ್ (ಅದಕ್ಕೂ ಮೊದಲು ಪಾಸಾಗಿರಬೇಕಾದ ವಿಷಯ) ಆಗಿದ್ದರೆ ಅದನ್ನು ಮುಂದೂಡಲೇಬೇಡಿ.

ಇನ್ನೊಂದು, ಇದು ಅರ್ಜೆಂಟ್. ಉತ್ತರ ಪತ್ರಿಕೆಯ ಪ್ರತಿ ಕೇಳಲು ಕೊನೆಯ ದಿನ ಇರುತ್ತದೆ, ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚುತ್ತದೆ. ಪ್ರತಿ ಬಂದ ಮೇಲೆ ಎರಡು ಕೆಲಸ: ಒಳಪುಟಗಳ ಅಂಕ ಕೂಡಿ ಮುಖಪುಟದ ಮೊತ್ತದ ಜೊತೆ ತಾಳೆ ನೋಡಿ, ಅಂಕ ಹಾಕದೆ ಬಿಟ್ಟ ಉತ್ತರವಿದೆಯೇ ನೋಡಿ, ವಿಶೇಷವಾಗಿ ಹೆಚ್ಚುವರಿ ಹಾಳೆಯಲ್ಲಿ. ಇವೆರಡರಲ್ಲಿ ಏನೂ ಸಿಗದೆ ಸುಮ್ಮನೆ ಆಸೆಯಿಂದ ರೀವ್ಯಾಲ್ಯುಯೇಷನ್‌ಗೆ ಹಾಕುವ ಮುನ್ನ, ಅಂಕ ಇಳಿದರೆ ಇಳಿದದ್ದೇ ಲೆಕ್ಕವೋ ಅನ್ನುವುದನ್ನೂ ಓದಿ.

ಮೂರನೇ ಸೆಮ್:
ರೆಗ್ಯುಲೇಷನ್ ನೋಡಿದೆ. ಬ್ಯಾಕ್ ಪೇಪರಿಗೆ ಹೊಸ ಗ್ರೇಡೇ ಲೆಕ್ಕ, ಮಿತಿ ಇಲ್ಲ, ಇಂಟರ್ನಲ್ಸ್ ಉಳಿಯುತ್ತದೆ. ಉತ್ತರ ಪತ್ರಿಕೆಯ ಪ್ರತಿಯೂ ಬಂತು, ಮೊತ್ತ ಸರಿಯಾಗಿಯೇ ಇದೆ. ಪರೀಕ್ಷೆಗೆ 12 ವಾರ ಇದೆ. ಹಿಂದಿನ ಸಲವೂ ನೋಟ್ಸ್ ಮೂರು ಸಲ ಓದಿದ್ದೆ, ಹಾಗಾಗಿ ಈ ಸಲ ಏನು ಬೇರೆ ಮಾಡಬೇಕು ಗೊತ್ತಾಗುತ್ತಿಲ್ಲ.

ಕೆಂಪು ಪೆನ್ನು:
ಆ ಪ್ರತಿಯನ್ನು ಎತ್ತಿಡಬೇಡಿ, ಅದೇ ನಿಮ್ಮ ಸಿಲಬಸ್. ಕಳೆದುಕೊಂಡ 72 ಅಂಕವನ್ನು ನಾಲ್ಕು ಗುಂಪಾಗಿ ಹಂಚಿ: ಮುಟ್ಟದೇ ಬಿಟ್ಟದ್ದು, ಶುರುಮಾಡಿ ನಡುವೆ ನಿಂತದ್ದು, ಚಿಹ್ನೆ ಅಥವಾ ಕೂಡು-ಕಳೆ ತಪ್ಪು, ಪ್ರಶ್ನೆಯನ್ನೇ ತಪ್ಪು ಓದಿದ್ದು. ಹಂಚಿ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಮೂರನೇ ಸೆಮ್:
ಬಿಟ್ಟದ್ದು 20 (ಒಂದು ಪೂರ್ತಿ ಪ್ರಶ್ನೆ, ಸಮಯ ಸಾಲಲಿಲ್ಲ). ನಡುವೆ ನಿಂತದ್ದು 26. ಚಿಹ್ನೆ ತಪ್ಪು 14. ತಪ್ಪು ಓದಿದ್ದು 12.

ಕೆಂಪು ಪೆನ್ನು:
ನೋಡಿ, 72ರಲ್ಲಿ ಗೊತ್ತಿಲ್ಲದೆ ಹೋದದ್ದು ಅಂತ ಖಚಿತವಾಗಿ ಹೇಳಬಹುದಾದ್ದು 26 ಮಾತ್ರ. ಉಳಿದ 46 ಅಭ್ಯಾಸದ ಕೊರತೆ. ಮತ್ತೆ ಮೂರು ಸಲ ನೋಟ್ಸ್ ಓದಿದರೆ ಈ 46ರಲ್ಲಿ ಒಂದಂಕವೂ ವಾಪಸ್ ಬರುವುದಿಲ್ಲ.

ಓದಿದ್ದನ್ನೇ ಓದುವಾಗ ಪುಟ ಪರಿಚಿತ ಅನಿಸುತ್ತದೆ, ಪರಿಚಯವನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಪುಟ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರದ ನಂತರ ನೆನಪಿನಿಂದ ಬರೆದವರಿಗೆ ಪಾಠದ 56 ಪ್ರತಿಶತ ನೆನಪಿತ್ತು, ಓದಿದವರಿಗೆ 42. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತಿತ್ತು ಅಂತ ಅನಿಸಿದ್ದಕ್ಕೆ ಕಾರಣ ಇದೇ.

ವಾರಕ್ಕೆ 5 ಗಂಟೆ ಗಣಿತಕ್ಕೆ ಇಡಿ: ವಾರದ ನಡುವೆ ಒಂದೂವರೆ ಗಂಟೆಯ ಎರಡು ಸಲ, ಭಾನುವಾರ 2 ಗಂಟೆ. 12 ವಾರಕ್ಕೆ 60 ಗಂಟೆ, ನಾಲ್ಕು ಕ್ರೆಡಿಟ್ ವಿಷಯವನ್ನು ಮತ್ತೆ ಕಟ್ಟಲು ಸಾಕು. ದಿನಾ ಅರ್ಧ ಗಂಟೆ ಅಂತ ಚೂರು ಮಾಡಬೇಡಿ, ದೊಡ್ಡ ಲೆಕ್ಕವೊಂದನ್ನು ಹಿಡಿಯುವಷ್ಟರಲ್ಲಿ ಅರ್ಧ ಗಂಟೆ ಮುಗಿದಿರುತ್ತದೆ.

ಒಂದು ಸಿಟ್ಟಿಂಗ್ ಹೀಗಿರಲಿ. ಬಿಡಿಸಿದ ಉದಾಹರಣೆಯೊಂದನ್ನು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದನ್ನೇ ಬಿಡಿಸಿ. ಸಿಕ್ಕಿಹಾಕಿಕೊಂಡ ಸಾಲಿನ ಕೆಳಗೆ ಗೆರೆ ಎಳೆದು, ಐದು ನಿಮಿಷ ಒದ್ದಾಡಿ, ಆಮೇಲೆ ಪುಸ್ತಕ ತೆರೆದು ಆ ಒಂದು ಸಾಲು ಮಾತ್ರ ನೋಡಿ ಮುಚ್ಚಿ. ಮುಗಿದ ಮೇಲೆ ತಪ್ಪನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆದರೆ "ಅಜಾಗರೂಕತೆ" ಅಂತ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಉದಾಹರಣೆಗೆ, ಎಕ್ಸ್ ಇಂಟು ಇ ಪವರ್ ಮೈನಸ್ 2ಎಕ್ಸ್ ಅನ್ನು ಬೈ ಪಾರ್ಟ್ಸ್ (ಗುಣಲಬ್ಧವನ್ನು ಇಂಟಿಗ್ರೇಟ್ ಮಾಡುವ ವಿಧಾನ) ಮಾಡುವಾಗ ಇ ಪವರ್ ಮೈನಸ್ 2ಎಕ್ಸ್‌ನ ಇಂಟಿಗ್ರಲ್‌ಗೆ ಮೈನಸ್ ಅರ್ಧ ಬರಬೇಕು, ನೀವು ಪ್ಲಸ್ ಅರ್ಧ ಹಾಕಿದಿರಿ ಅಂದುಕೊಳ್ಳಿ. ಆಗ ಬರೆಯಬೇಕಾದ್ದು: "ಘಾತದ ಗುಣಾಂಕ ಮೈನಸ್ ಇದ್ದರೆ ಭಾಗಿಸುವಾಗ ಮೈನಸ್ ಜೊತೆಗೆ ಬರುತ್ತದೆ, ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ ನೋಡು." ಬೈ ಪಾರ್ಟ್ಸ್‌ನಲ್ಲಿ ಈ ಚಿಹ್ನೆ ಎರಡು ಸಲ ಬರುತ್ತದೆ, ಒಂದು ಕಡೆ ಜಾರಿದರೆ ಅದರ ಮೇಲೆ ನಿಂತ ಮುಂದಿನ ಇಡೀ ಲೆಕ್ಕ ಹಾಳು. ಅದೇ ಲೆಕ್ಕವನ್ನು ಮೂರು ದಿನ ಬಿಟ್ಟು ಒಂದು ಸಲ, ಹತ್ತು ದಿನ ಬಿಟ್ಟು ಇನ್ನೊಂದು ಸಲ ನೋಡದೆ ಬಿಡಿಸಿ.

ಏಳನೇ ವಾರದಿಂದ ಭಾನುವಾರದ ಸಮಯವನ್ನು 3 ಗಂಟೆಗೆ ಏರಿಸಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟು ಬರೆಯಿರಿ. ಮೂರು ಗಂಟೆಗೆ ಐದು ದೊಡ್ಡ ಪ್ರಶ್ನೆ ಅಂದರೆ ಓದಲು 10 ನಿಮಿಷ, ಪ್ರಶ್ನೆಗೆ 34 ನಿಮಿಷ. 34 ಆದ ತಕ್ಷಣ ಎಲ್ಲಿದ್ದರೂ ಮುಂದಿನದಕ್ಕೆ ಹೋಗಿ, ಅರ್ಧ ಪುಟ ಜಾಗ ಬಿಡಿ. ಮುಗಿಯದ ಲೆಕ್ಕದ ಕೊನೆಯ 3 ಅಂಕಕ್ಕಾಗಿ ಮುಟ್ಟದ ಪ್ರಶ್ನೆಯ ಮೊದಲ 8 ಅಂಕ ಬಿಡುವುದೇ ಆ 20ರ ಕಥೆ. ತಪ್ಪು ಓದುವುದಕ್ಕೆ ಮದ್ದು ಸಣ್ಣದು: ಕೊಟ್ಟದ್ದೇನು, ಕೇಳಿದ್ದೇನು ಅಂತ ಉತ್ತರದ ಮೊದಲ ಎರಡು ಸಾಲಿನಲ್ಲಿ ಬರೆದುಕೊಳ್ಳಿ.

ಪಾಯಿಂಟರ್:
ಡೇಟಾ ಸ್ಟ್ರಕ್ಚರ್ಸ್ ಇಂಪ್ರೂವ್‌ಮೆಂಟ್ ಬೇಡ ಅನ್ನುವುದಕ್ಕೆ ನನ್ನದೂ ಓಟು. ಆದರೆ ವಿಷಯವನ್ನೇ ಬಿಡಬೇಡಿ, ಅಲ್ಗಾರಿದಮ್ಸ್, ಆಪರೇಟಿಂಗ್ ಸಿಸ್ಟಮ್ಸ್ ಎಲ್ಲ ಅದರ ಮೇಲೇ ಕೂತಿವೆ. ಪರೀಕ್ಷೆ ಕಟ್ಟದೆ ವಾರಕ್ಕೊಂದು ಗಂಟೆ ಕೊಡಿ ಸಾಕು. ಕೋಡ್ ಟೈಪ್ ಮಾಡುವ ಮೊದಲು ಹಾಳೆಯಲ್ಲಿ ಡಬ್ಬ ಬರೆದು ಬಾಣ ಎಳೆಯಿರಿ. ಲಿಂಕ್ಡ್ ಲಿಸ್ಟ್‌ನಲ್ಲಿ (ಪ್ರತಿ ಡಬ್ಬವೂ, ಅಂದರೆ ನೋಡ್, ಮುಂದಿನದರ ವಿಳಾಸವನ್ನು 'ನೆಕ್ಸ್ಟ್'ನಲ್ಲಿ ಇಟ್ಟುಕೊಂಡ ಸರಪಳಿ) ನಡುವಿನ ನೋಡ್ ಅಳಿಸುವಾಗ ಹೆಚ್ಚಿನವರು ಎಡವುವುದು ಕ್ರಮದಲ್ಲಿ: ಹಿಂದಿನ ನೋಡಿನ ನೆಕ್ಸ್ಟ್ ಅನ್ನು ಮುಂದಿನ ನೋಡಿಗೆ ಜೋಡಿಸುವ ಮೊದಲೇ ಮಧ್ಯದ್ದನ್ನು ಫ್ರೀ (ಮೆಮೊರಿ ವಾಪಸ್) ಮಾಡಿಬಿಡುತ್ತಾರೆ, ಆಮೇಲೆ ಮುಂದಿನದರ ವಿಳಾಸ ಹುಡುಕಲು ಹೋಗಿ ಪ್ರೋಗ್ರಾಂ ಕುಸಿಯಬಹುದು. ಬಾಣ ಎಳೆದಿದ್ದರೆ ಇದು ಕಣ್ಣಿಗೇ ಕಾಣುತ್ತದೆ.

ನಿಯಮ ನೋಡಿ:
ಕೇಳಲು ಮರೆತೆ. ಮೂರನೇ ಸೆಮ್ ಬಿದ್ದದ್ದಕ್ಕೆ ಕಾಯಿಲೆ, ಮನೆಯ ತೊಂದರೆ, ನಿದ್ದೆಯಿಲ್ಲದಿರುವುದು, ಮನಸ್ಸಿನ ಕುಸಿತ ಇಂಥದ್ದೇನಾದರೂ ಕಾರಣವಿದ್ದು ಅದು ಇನ್ನೂ ಮುಂದುವರಿದಿದ್ದರೆ ಮೇಲಿನ ಟೈಮ್‌ಟೇಬಲ್ ನಿಲ್ಲುವುದಿಲ್ಲ. ಡಾಕ್ಟರರನ್ನೋ ಕೌನ್ಸೆಲರನ್ನೋ ಈಗಲೇ ಕಾಣಿ, ಚೀಟಿ-ವರದಿ ಇಟ್ಟುಕೊಳ್ಳಿ. ಸೆಮಿಸ್ಟರ್ ನಡೆಯುತ್ತಿರುವಾಗ ಕೊಟ್ಟ ದಾಖಲೆಗೆ ಇರುವ ತೂಕ ಫಲಿತಾಂಶ ಬಂದ ಮೇಲೆ ಕೊಟ್ಟದ್ದಕ್ಕೆ ಇರುವುದಿಲ್ಲ. ವಿಷಯ ಕೈಬಿಡಲು ಇರುವ ಕೊನೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಮೂರನೇ ಸೆಮ್:
ಅಂಥದ್ದೇನಿಲ್ಲ, ಓದು ತಡವಾಗಿ ಶುರು ಮಾಡಿದ್ದೇ ಕಾರಣ. ಗಣಿತ ಒಂದೇ ಕಟ್ಟುತ್ತೇನೆ. ನಡುವೆ ನಿಂತ 26 ಅಂಕದ ಬಗ್ಗೆ ಮೇಡಂ ಹತ್ತಿರ ಹೋಗಬೇಕು ಅಂತಿದೆ, ಫೇಲಾದವರು ಹೋಗಿ ಏನು ಕೇಳುವುದು ಅಂತ ಮುಜುಗರ.

ಕೆಂಪು ಪೆನ್ನು:
"ಗಣಿತ ಅರ್ಥವಾಗುತ್ತಿಲ್ಲ" ಅಂತ ಹೋದರೆ ಅವರು "ಚೆನ್ನಾಗಿ ಓದಿ" ಅನ್ನದೆ ಬೇರೇನು ಹೇಳಲು ಸಾಧ್ಯ? ಉತ್ತರ ಪತ್ರಿಕೆಯ ಪ್ರತಿ, ಅದೇ ಪ್ರಶ್ನೆಯನ್ನು ಈಗ ಮತ್ತೆ ಬಿಡಿಸಲು ಯತ್ನಿಸಿದ ಹಾಳೆ, ಎರಡನ್ನೂ ತೆಗೆದುಕೊಂಡು ಹೋಗಿ. ನಿಂತ ಸಾಲಿನ ಮೇಲೆ ಬೆರಳಿಟ್ಟು "ಮೇಡಂ, ಇಲ್ಲಿಂದ ಮುಂದಿನ ಹೆಜ್ಜೆಗೆ ಯಾವ ನಿಯಮ ಬಳಸಬೇಕು ಅಂತ ಹೇಗೆ ಗುರುತಿಸುವುದು?" ಅಂತ ಕೇಳಿ. ಒಂದು ಭೇಟಿಗೆ ಎರಡು ಪ್ರಶ್ನೆ, ಹತ್ತು ನಿಮಿಷ. ಸೆಮಿನ ಎರಡನೇ ವಾರದೊಳಗೆ ಹೋಗಿ, ಇಂಟರ್ನಲ್ಸ್ ಹತ್ತಿರ ಬಂದರೆ ಅವರ ಬಾಗಿಲಲ್ಲಿ ಸಾಲು ನಿಂತಿರುತ್ತದೆ.