ರಿಮ್ಯಾಪ್ ಆದ ಸ್ಕೋಡಾ ಆಕ್ಟೇವಿಯಾ 1.8ಗೆ ಬ್ರೇಕ್ ಅಪ್‌ಗ್ರೇಡ್: 40 ಸಾವಿರದೊಳಗೆ ಏನ್ ಮಾಡ್ಸೋದು?

ಮಲ್ನಾಡ್_ಟಿಎಸ್‌ಐ:

ಎಲ್ರಿಗೂ ನಮಸ್ಕಾರ. ಗಾಡಿ ಆಕ್ಟೇವಿಯಾ 1.8 ಟಿಎಸ್‌ಐ, 2015ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿಯಿಂದ ಬಂದಾಗ 180 ಪಿಎಸ್, ಸ್ಟೇಜ್ 1 ರಿಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದ್ಲಾಯ್ಸಿ ಪವರ್ ಏರ್ಸೋದು) ಆದ್ಮೇಲೆ 220ರ ಆಚೀಚೆ ಇರ್ಬೋದು. ಇಂಜಿನ್ ಬಗ್ಗೆ ಏನೂ ತಕರಾರಿಲ್ಲ, ಭಯ ಶುರುವಾಗಿರೋದು ಬ್ರೇಕ್ ಬಗ್ಗೆ. ಹೋದ ತಿಂಗಳು ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟಿದ್ವಿ, ಐದು ಜನ, ಡಿಕ್ಕಿ ತುಂಬ ಲಗೇಜು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳೀತಾ ಇನ್ನೇನು ಘಾಟಿ ಮುಗೀತು ಅನ್ನೋ ಹೊತ್ತಿಗೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗೋಕೆ ಶುರುವಾಯ್ತು. ಎರಡ್ಮೂರು ಸಲ ಪಂಪ್ ಮಾಡಿದ್ರೆ ಹಿಡಿಯೋದು, ಜೊತೆಗೆ ಸುಟ್ಟ ವಾಸನೆ. ಕೆಳಗೆ ಸೈಡಿಗೆ ಹಾಕಿ ಅರ್ಧ ಗಂಟೆ ಬಿಟ್ಮೇಲೆ ಏನೂ ಆಗಿಲ್ಲ ಅನ್ನೋ ಥರ ಸರಿ ಹೋಯ್ತು.

ಬೆಂಗಳೂರಲ್ಲಿ ಒಂದು ಮಾಡಿಫಿಕೇಶನ್ ಅಂಗಡಿಗೆ ಹೋಗಿ ಕೇಳಿದೆ. ಆರು ಪಿಸ್ಟನ್ನಿನ ಬಿಗ್ ಬ್ರೇಕ್ ಕಿಟ್ ಹಾಕ್ಸಿ ಅಂದ್ರು, ರೇಟು ಲಕ್ಷದ ಮೇಲೆ, ಬ್ರ್ಯಾಂಡ್ ಹೆಸರು ಕೇಳಿದ್ರೆ ಸರಿಯಾಗಿ ಹೇಳಲಿಲ್ಲ. ಅದು ಬೇಡ ಅಂದ್ರೆ ತೂತು ಹೊಡೆದಿರೋ ಡ್ರಿಲ್ಡ್ ಡಿಸ್ಕ್, ಕ್ಯಾಲಿಪರ್‌ಗೆ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಕೆಂಪು ಕವರ್ 35 ಸಾವಿರಕ್ಕೆ ಮಾಡ್ಕೊಡ್ತೀವಿ ಅಂದ್ರು. ನನ್ ಬಜೆಟ್ 40 ಸಾವಿರ, ಅದ್ರಲ್ಲೇ ಎಲ್ಲ ಆಗ್ಬೇಕು. ಟ್ರ್ಯಾಕಿಗೆ ಹೋಗಲ್ಲ, ಹೈವೇ ಮತ್ತೆ ಘಾಟಿ ಅಷ್ಟೆ. ಮುಂದಿನ ಡಿಸ್ಕ್ ಅಳೆದು ನೋಡ್ದೆ 312 ಎಂಎಂ, ವೀಲ್ 16 ಇಂಚು, ಟೈರ್ 205/55. ಯಾವ್ದು ಮೊದ್ಲು ಮಾಡ್ಸಿದ್ರೆ ದುಡ್ಡಿಗೆ ತಕ್ಕ ಕೆಲ್ಸ ಆಗತ್ತೆ ದಯವಿಟ್ಟು ಹೇಳಿ.

ಸ್ಪ್ಯಾನರ್_ಕೈ:

ಸರ್, ಡಿಸ್ಕ್ ಕಿಟ್ ಎಲ್ಲ ಆಮೇಲೆ ನೋಡೋಣ, ಮೊದ್ಲು ನೀವು ಬರ್ದಿರೋ ಒಂದು ಮಾತಲ್ಲೇ ಉತ್ತರ ಇದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಯ್ತು ಅಂದ್ರಲ್ಲ, ಅದು ಬ್ರೇಕ್ ಆಯಿಲ್ ಕುದ್ದಿರೋದು. ಪ್ಯಾಡ್ ಸೋತಿದ್ರೆ ಪೆಡಲ್ ಗಟ್ಟಿಯಾಗೇ ಇರತ್ತೆ, ನೀವು ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ. ಆಯಿಲ್ ಕುದ್ರೆ ಲೈನೊಳಗೆ ಆವಿ ಗುಳ್ಳೆ ಆಗತ್ತೆ, ಆಯಿಲ್ ಒತ್ತಡಕ್ಕೆ ಕುಗ್ಗಲ್ಲ ಆದ್ರೆ ಗುಳ್ಳೆ ಕುಗ್ಗತ್ತೆ, ಅದಕ್ಕೇ ಪೆಡಲ್ ನೆಲ ಮುಟ್ಟೋದು, ಪಂಪ್ ಮಾಡಿದ್ರೆ ಮತ್ತೆ ಸ್ವಲ್ಪ ಹಿಡಿಯೋದು, ತಣ್ಣಗಾದ್ಮೇಲೆ ಸರಿಯಾಗೋದು. ನಿಮ್ಗೆ ಆಗಿರೋದು ಅಕ್ಷರಶಃ ಇದೇ. ಸುಟ್ಟ ವಾಸನೆ ಪ್ಯಾಡಿಂದು, ಅದೂ ಕಾದಿದೆ, ಆದ್ರೆ ಮೊದ್ಲು ಕೈ ಕೊಟ್ಟಿದ್ದು ಆಯಿಲ್ಲು.

ಸೆಕೆಂಡ್ ಹ್ಯಾಂಡ್ ಗಾಡಿ ಅಂತೀರ, ಆಯಿಲ್ ಕೊನೇ ಸಲ ಯಾವಾಗ ಬದ್ಲಾಗಿದೆ ಅಂತ ದಾಖಲೆ ಇದ್ಯಾ? ಎರಡು ವರ್ಷಕ್ಕೊಂದ್ಸಲ ಬದ್ಲಾಯ್ಸಬೇಕು, ನಮ್ ಕಡೆ ಬಹಳ ಜನ ಲೆವೆಲ್ ನೋಡಿ ಟಾಪಪ್ ಮಾಡಿ ಕಳಿಸ್ತಾರೆ. ಈ ಆಯಿಲ್ ಗಾಳಿಯಲ್ಲಿರೋ ನೀರಿನಂಶ ಹೀರ್ಕೊಳ್ಳತ್ತೆ, ಹೋಸ್ ರಬ್ಬರ್ ಮೂಲಕಾನೂ ಒಳಗೆ ಹೋಗತ್ತೆ, ಮಲ್ನಾಡು ಕರಾವಳಿ ಹವಾದಲ್ಲಿ ಕೇಳೋದೇ ಬೇಡ. ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಅಂದ್ರೆ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ, ಅದೇ 3.7 ಪರ್ಸೆಂಟ್ ನೀರು ಸೇರಿದ್ಮೇಲೆ 155ಕ್ಕೇ ಕುದ್ದರೂ ಸ್ಟ್ಯಾಂಡರ್ಡ್ ಪ್ರಕಾರ ಪಾಸು. ಡಾಟ್ 5.1 ಆದ್ರೆ 260 ಮತ್ತೆ 180. ಘಾಟಿ ಇಳೀವಾಗ ಕ್ಯಾಲಿಪರ್ ಹತ್ರ 155 ದಾಟೋದು ದೊಡ್ಡ ವಿಷ್ಯ ಏನಲ್ಲ.

ಹಾಗಾಗಿ ಮೊದಲ ಖರ್ಚು ಒಂದು ಲೀಟರ್ ಒಳ್ಳೇ ಆಯಿಲ್. ಡಾಟ್ 4ರಲ್ಲೇ ಕ್ಲಾಸ್ 6 ಅಂತ ಬರತ್ತೆ, ಕನಿಷ್ಠ 250 ಮತ್ತೆ 165, ಇಎಸ್‌ಪಿ (ಗಾಡಿ ಜಾರದ ಹಾಗೆ ತಾನೇ ಬ್ರೇಕ್ ಹಿಡಿಯೋ ವ್ಯವಸ್ಥೆ) ಇರೋ ಗಾಡಿಗಳಿಗೆ ಅಂತಲೇ ತೆಳ್ಳಗೆ ಮಾಡಿರೋದು, ದಿನಬಳಕೆಗೆ ನನ್ ಪ್ರಕಾರ ಅದೇ ಬೆಸ್ಟು. ಇನ್ನೂ ಮೇಲೆ ಬೇಕು ಅಂದ್ರೆ ಎಟಿಇ ಟೈಪ್ 200 ಇದೆ, 280 ಡಿಗ್ರಿ. ಮೋಟುಲ್ ಆರ್‌ಬಿಎಫ್ 600 ಇದೆ, 312 ಡಿಗ್ರಿ, ಆದ್ರೆ ಅದು ರೇಸಿಂಗ್ ಆಯಿಲ್, ಬೇಗ ಬೇಗ ಬದ್ಲಾಯ್ಸೋ ಶಿಸ್ತು ಇದ್ರೆ ಮಾತ್ರ ಹಾಕಿ. ಡಾಟ್ 5 ಅಂತ ಬರೀ 5 ಬರ್ದಿರೋ ಡಬ್ಬಿ ಮುಟ್ಲೇಬೇಡಿ, ಅದು ಸಿಲಿಕಾನ್, ಡಾಟ್ 4 ಜೊತೆ ಸೇರಲ್ಲ, 5.1ಗೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ ನಾಲ್ಕೂ ವೀಲ್ ಬಿಚ್ಚಿಸಿ ಕ್ಯಾಲಿಪರ್ ಸ್ಲೈಡ್ ಪಿನ್ ನೋಡ್ಸಿ. ಪಿನ್ ಒಣಗಿ ಜಾಮ್ ಆಗಿದ್ರೆ ಒಂದು ಪ್ಯಾಡ್ ಸದಾ ಉಜ್ತಾನೇ ಇರತ್ತೆ, ನೀವು ಬ್ರೇಕ್ ಒತ್ತದೇ ಇದ್ರೂ ಆಯಿಲ್ ಕಾಯ್ತಾ ಇರತ್ತೆ. ಒಂದೇ ಕ್ಯಾಲಿಪರಿನ ಒಳಗಿನ ಪ್ಯಾಡು ಹೊರಗಿನ ಪ್ಯಾಡು ಸವೆತದಲ್ಲಿ ತುಂಬ ವ್ಯತ್ಯಾಸ ಇದ್ರೆ ಇದೇ ಕಾರಣ. ಡಿಸ್ಕ್ ದಪ್ಪಾನೂ ಅಳೀರಿ, ಹೊಸದು 25 ಎಂಎಂ, 22ಕ್ಕೆ ಬಂದ್ರೆ ಬದ್ಲಾಯ್ಸಲೇಬೇಕು. ಲೇತ್‌ಗೆ ಹಾಕಿ ಉಜ್ಜಿಸಿ ಉಳಿಸೋಕೆ ಹೋಗ್ಬೇಡಿ, ಡಿಸ್ಕ್ ತೆಳ್ಳಗಾದಷ್ಟೂ ಶಾಖ ತಡ್ಕೊಳ್ಳೋ ಕಬ್ಬಿಣ ಕಮ್ಮಿ ಆಗತ್ತೆ.

ಹುಬ್ಬಳ್ಳಿ_ಟರ್ಬೊ:

ಸ್ಪ್ಯಾನರ್ ಅಣ್ಣಾರು ಹೇಳಿದ್ದು ಖರೆ ಐತಿ, ಅದಕ್ಕ ಒಂದ್ ಸಣ್ಣ ಲೆಕ್ಕಾ ಸೇರಸ್ತೀನ್ರಿ. ನಿಮ್ಮ ಗಾಡಿ ಮಂದಿ ಲಗೇಜು ಸೇರಿ 1700 ಕೆಜಿ ಅಂತ ಹಿಡೀರಿ. 100ರ ಸ್ಪೀಡಿನಿಂದ ಪೂರಾ ನಿಲ್ಲಸಾಕ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 650 ಕಿಲೋಜೂಲ್. 140ರಿಂದ ನಿಲ್ಲಸಾಕ ಸುಮಾರು 1285, ಅಂದ್ರ ಡಬಲ್. ಸ್ಪೀಡ್ ಏರಿದ್ದು 40 ಪರ್ಸೆಂಟ್, ಶಾಖ ಏರಿದ್ದು ಎರಡ್ ಪಟ್ಟು, ರಿಮ್ಯಾಪ್ ಮಾಡಿಸಿದವ್ರಿಗೆ ಬ್ರೇಕ್ ಯಾಕ ಸಾಲಂಗಿಲ್ಲ ಅಂದ್ರ ಇದಕ್ಕ. ಗಾಡಿ ಹಳೇದ, ಡಿಸ್ಕ್ ಹಳೇದ, ಆದ್ರ ಮುಂದಿನ ತಿರುವಿಗೆ ನೀವು ಮುಂಚಿಗಿಂತ ಜೋರಾಗಿ ಬರ್ತೀರಿ, ನಿಂತು ಮತ್ತ ಲಗೂನ ಸ್ಪೀಡ್ ಹಿಡೀತೀರಿ, ಡಿಸ್ಕ್ ಆರಾಕ ಟೈಮ್ ಸಿಗಂಗಿಲ್ಲ.

ಘಾಟಿ ಲೆಕ್ಕಾ ಇನ್ನೂ ಕಡಕ್ ಐತಿ. 500 ಮೀಟರ್ ಎತ್ತರ ಇಳದ್ರ 8 ಮೆಗಾಜೂಲ್ ಮ್ಯಾಲ ಶಕ್ತಿ ಎಲ್ಲ್ಯಾರ ಹೋಗಬೇಕ್ರಿ. 100ರಿಂದ ಹನ್ನೆರಡು ಹದಿಮೂರು ಸಲ ಗಾಡಿ ನಿಲ್ಲಿಸಿದಷ್ಟ ಅದು, ಮ್ಯಾಲ ಘಾಟಿಯೊಳಗ ಸ್ಪೀಡ್ ಕಮ್ಮಿ ಇರ್ತದ, ಗಾಳಿ ಬಡದು ಡಿಸ್ಕ್ ಆರೂದೂ ಕಮ್ಮಿ. ಒಂದಿಷ್ಟು ಇಂಜಿನ್ ಬ್ರೇಕಿಂಗ್ ತಗೋತದ, ಉಳಿದದ್ದೆಲ್ಲಾ ಡಿಸ್ಕಿಗೆ.

ಟೈರ್ ಮರೀಬ್ಯಾಡ್ರಿ. ಖಾಲಿ ರಸ್ತಾದಾಗ ಜೋರಾಗಿ ಬ್ರೇಕ್ ಒತ್ತಿದಾಗ ಎಬಿಎಸ್ ಕಟಕಟ ಅಂತ ಬಡೀತು ಅಂದ್ರ ನಿಮ್ಮ ಬ್ರೇಕಿನ ಬಲ ಟೈರಿನ ಹಿಡಿತ ದಾಟೇತಿ ಅಂತ ಅರ್ಥ. ಆವಾಗ ಆರಲ್ಲ ಹನ್ನೆರಡು ಪಿಸ್ಟನ್ ಹಾಕ್ಸಿದ್ರೂ ಆ ಒಂದು ಸಲದ ನಿಲ್ಲೋ ದೂರ ಕಮ್ಮಿ ಆಗಂಗಿಲ್ಲ, ಟೈರ್ ಒಂದ ಕಮ್ಮಿ ಮಾಡ್ತದ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರಿ, ಟೈರಿನ ಬದೀಗೆ ನಾಕು ಅಂಕಿ ಇರ್ತಾವು, ಮೊದಲ ಎರಡು ವಾರ, ಕಡೀ ಎರಡು ವರ್ಷ, ನೋಡ್ರಿ. ಹಳೇದಾಗಿ ಗಟ್ಟಿ ಆಗಿದ್ರ ಬಜೆಟ್ಟಿನ ದೊಡ್ಡ ಪಾಲು ಅಲ್ಲೇ ಹಾಕ್ರಿ.

ಇಷ್ಟು ಹೇಳಿ ನನ್ನ ಅಭಿಪ್ರಾಯ: ಈ ಪವರಿಗೆ 312 ಡಿಸ್ಕ್ ಸಣ್ಣದಾತು. ಆಕ್ಟೇವಿಯಾ ಆರ್‌ಎಸ್ ಅಂದ್ರ ಇದ ಗಾಡಿಯ ಜೋರು ಮಾಡೆಲ್, ಅದರ 340 ಎಂಎಂ ಡಿಸ್ಕು, ಕ್ಯಾಲಿಪರು ಗುಜರಿಯೊಳಗ ಹುಡುಕ್ರಿ, ಒಮ್ಮೆ ಹಾಕಿಸಿದ್ರ ಚಿಂತಿ ಇಲ್ಲ.

ಇಸಾರ್_ಕನ್ನಡಿಗ:

ನಾನಿರೋದು ಮ್ಯೂನಿಕ್‌ನಲ್ಲಿ, ಇದೇ ಪ್ಲಾಟ್‌ಫಾರ್ಮಿನ ಗಾಡಿ ಇದೆ, ಇಲ್ಲಿ 312ರಿಂದ 340ಕ್ಕೆ ಹೋಗೋದು ಬಹಳ ಜನ ಮಾಡೋ ಕೆಲ್ಸ. ಹುಬ್ಬಳ್ಳಿಯವ್ರು ಹೇಳಿದ ದಾರಿ ತಾಂತ್ರಿಕವಾಗಿ ಸರಿ, ಆದ್ರೆ ಮಲ್ನಾಡ್ ಅವ್ರ ಬಜೆಟ್ಟಿಗೆ, ಅವ್ರ ಊರಿಗೆ ನಾನು ಅದನ್ನ ಹೇಳಲ್ಲ, ಕಾರಣ ಬರೀತೀನಿ.

340 ಡಿಸ್ಕ್ 30 ಎಂಎಂ ದಪ್ಪ, ಶಾಖ ಹಿಡ್ಕೊಳ್ಳೋ ಶಕ್ತಿ ಜಾಸ್ತಿ, ಅದೇ ಒತ್ತಡಕ್ಕೆ ಹಿಡಿತಾನೂ ಸುಮಾರು ಹತ್ತು ಪರ್ಸೆಂಟ್ ಮೇಲೆ ಸಿಗತ್ತೆ. ಆದ್ರೆ 16 ಇಂಚಿನ ವೀಲ್ ಒಳಗೆ ಅದು ಕೂರೋದೇ ಇಲ್ಲ, 17ರಲ್ಲೂ ಎಲ್ಲಾ ಡಿಸೈನ್ ಕೂರಲ್ಲ. ಅಂದ್ರೆ ಡಿಸ್ಕ್, ಕ್ಯಾಲಿಪರ್, ಕ್ಯಾರಿಯರ್ (ಕ್ಯಾಲಿಪರ್ ಹಿಡ್ಕೊಳ್ಳೋ ಬ್ರಾಕೆಟ್), ಪ್ಯಾಡ್, ಡಿಸ್ಕ್ ಹಿಂದೆ ಧೂಳು ತಡೆಯೋ ತಗಡು, ಮೇಲೆ ನಾಲ್ಕು ವೀಲು, ನಾಲ್ಕು ಟೈರು. 40 ಸಾವಿರ ಎಲ್ಲಿ ಸಾಕು? ಕ್ಯಾರಿಯರ್ ಬೋಲ್ಟ್ ಅಂತರ ನಿಮ್ ಗಾಡಿ ನಕಲ್‌ಗೆ (ವೀಲ್ ಹಬ್ ಕೂರೋ ಭಾಗ) ಹೊಂದತ್ತಾ ಅಂತ ಖಚಿತ ಮಾಡ್ಕೊಳ್ದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬಾರದು. ಇನ್ನು ಭಾರತದಲ್ಲಿ ಮೂರನೇ ತಲೆಮಾರಿನ ಆರ್‌ಎಸ್ ಬಂದಿದ್ದೇ ಕಮ್ಮಿ, 2017ರಲ್ಲಿ ಆರ್‌ಎಸ್ 230, 2020ರಲ್ಲಿ ಆರ್‌ಎಸ್ 245 ಬರೀ 200 ಗಾಡಿ. ಗುಜರಿಗೆ ಅದ್ರ ಕ್ಯಾಲಿಪರ್ ಬಂತು ಅಂದ್ರೆ ಆ ಗಾಡಿ ಗುದ್ದಿರತ್ತೆ, ಇಲ್ಲ ನೀರಲ್ಲಿ ಮುಳುಗಿರತ್ತೆ. ಪಿಸ್ಟನ್ ತುಕ್ಕು ಹಿಡ್ದಿರೋ ದೊಡ್ಡ ಕ್ಯಾಲಿಪರ್‌ಗಿಂತ ಚೆನ್ನಾಗಿರೋ ಸಣ್ಣದೇ ವಾಸಿ.

ಹೆಸರಿಲ್ಲದ ಆರು ಪಿಸ್ಟನ್ ಕಿಟ್ ಅಂತೂ ಬೇಡ್ವೇ ಬೇಡ. ಮುಂದೆ ಪಿಸ್ಟನ್ನಿನ ಒಟ್ಟು ವಿಸ್ತೀರ್ಣ ಎಷ್ಟು ಅಂತ ಲೆಕ್ಕ ಹಾಕ್ದೆ ಜಾಸ್ತಿ ಮಾಡಿದ್ರೆ ಮಾಸ್ಟರ್ ಸಿಲಿಂಡರ್ ತಳ್ಳೋ ಆಯಿಲ್ ಸಾಕಾಗಲ್ಲ, ಪೆಡಲ್ ಉದ್ದ ಆಗತ್ತೆ, ಮುಂದೆ ಹಿಂದೆ ಬ್ರೇಕಿನ ಹಂಚಿಕೆ ಕೆಡತ್ತೆ. ಕಂಪನಿ ಎಬಿಎಸ್ ಲೆಕ್ಕ ಎಲ್ಲ ಹಳೇ ಹಂಚಿಕೆ ಮೇಲೆ ನಿಂತಿರೋದು. ಇಲ್ಲಿ ಜರ್ಮನಿಯಲ್ಲಿ ಅಂಥ ಕಿಟ್ ಹಾಕಿ ಟ್ಯೂಫ್ (ವಾಹನ ತಪಾಸಣೆ ಸಂಸ್ಥೆ) ಪರೀಕ್ಷೆ, ನೋಂದಣಿ ಇಲ್ದೆ ರಸ್ತೆಗೆ ಇಳಿಸೋಹಾಗಿಲ್ಲ. ಭಾರತದಲ್ಲೂ ಗಾಡಿ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ, ಇನ್ಶೂರೆನ್ಸ್‌ನವ್ರಿಗೆ ಹೇಳ್ದೆ ಮಾಡ್ಸಿದ್ರೆ ಕ್ಲೇಮ್ ಟೈಮಲ್ಲಿ ತಕರಾರು ಬರೋ ಸಾಧ್ಯತೆ ಇದೆ, ನಿಮ್ ರಿಮ್ಯಾಪ್‌ಗೂ ಇದೇ ಮಾತು.

ಪ್ಯಾಡ್ ತಗೊಳೋವಾಗ ಒಂದು ಗುರುತು ನೋಡಿ, ಪ್ಯಾಡಿನ ಬೆನ್ನಿನ ತಗಡಿನ ಮೇಲೆ ದೊಡ್ಡ ಇ ಅಕ್ಷರದ ಜೊತೆ 90ಆರ್ ಅಂತ ಇರತ್ತೆ. ಆರ್ 90 ಅನ್ನೋ ಬದಲಿ ಪ್ಯಾಡ್ ನಿಯಮದಲ್ಲಿ ಪಾಸಾಗಿರೋ ಪ್ಯಾಡಿನ ಹಿಡಿತ ಕಂಪನಿ ಪ್ಯಾಡಿನ ಹಿಡಿತಕ್ಕೆ 15 ಪರ್ಸೆಂಟ್ ಒಳಗೇ ಇರ್ಬೇಕು. ಟೆಕ್ಸ್‌ಟಾರ್, ಎಟಿಇ, ಟಿಆರ್‌ಡಬ್ಲ್ಯೂ ಇವೆಲ್ಲ ಕಂಪನಿಗಳಿಗೇ ಸಪ್ಲೈ ಮಾಡೋರು, ಘಾಟಿಗೆ ಇವು ಧಾರಾಳ ಸಾಕು. ಒಂದು ಮೆಟ್ಟಿಲು ಮೇಲೆ ಬೇಕಂದ್ರೆ ಫೆರೋಡೊ ಡಿಎಸ್2500, ಶಾಖಕ್ಕೆ ಚೆನ್ನಾಗಿ ನಿಲ್ಲತ್ತೆ, ಆದ್ರೆ ಸಿಟಿಯಲ್ಲಿ ಕೀರ್ ಅನ್ನತ್ತೆ, ಧೂಳೂ ಜಾಸ್ತಿ. ಅಪ್ಪಟ ರೇಸ್ ಪ್ಯಾಡ್ ರಸ್ತೆ ಗಾಡಿಗೆ ಹಾಕ್ಬೇಡಿ, ಬೆಳಿಗ್ಗೆ ತಣ್ಣಗಿರೋವಾಗ ಮೊದಲ ಬ್ರೇಕಿಗೆ ಹಿಡಿಯೋದೇ ಇಲ್ಲ.

ಮಲ್ನಾಡ್_ಟಿಎಸ್‌ಐ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾವ ಅಂಗಡಿಯವ್ರೂ ಹೇಳಿರ್ಲಿಲ್ಲ. ಸರ್ವೀಸ್ ಫೈಲ್ ತೆಗೆದು ನೋಡ್ದೆ, ಬ್ರೇಕ್ ಆಯಿಲ್ ಬದ್ಲಾಯ್ಸಿರೋ ಎಂಟ್ರಿ ಎಲ್ಲೂ ಇಲ್ಲ. ಟೈರ್ ಮಾತ್ರ ಹೋದ ವರ್ಷದ್ದೇ, ಅದು ಬಚಾವ್. ಎರಡು ಪ್ರಶ್ನೆ ಉಳೀತು. ಡ್ರಿಲ್ಡ್ ಡಿಸ್ಕ್ ಗಾಳಿ ಆಡಿ ಬೇಗ ತಣ್ಣಗಾಗತ್ತೆ ಅಂತಾರಲ್ಲ, ಅದು ಸುಳ್ಳಾ? ಮತ್ತೆ ಸ್ಟೀಲ್ ಹೆಣೆದಿರೋ ಬ್ರೇಕ್ ಹೋಸ್ ಹಾಕ್ಸೋದ್ರಿಂದ ಉಪಯೋಗ ಇದ್ಯಾ?

ಸ್ಪ್ಯಾನರ್_ಕೈ:

ತಣ್ಣಗೆ ಮಾಡೋದು ಮುಖ್ಯವಾಗಿ ಡಿಸ್ಕಿನ ಎರಡು ಮುಖದ ಮಧ್ಯೆ ಇರೋ ಗಾಳಿ ದಾರಿ, ಅದು ನಿಮ್ ಕಂಪನಿ ಡಿಸ್ಕಲ್ಲೇ ಇದೆ. ತೂತು ಹೊಡೆದ್ರೆ ಮಳೆಯಲ್ಲಿ ಮೊದಲ ಹಿಡಿತ ಸ್ವಲ್ಪ ಚುರುಕಾಗಬಹುದು ನಿಜ, ಆದ್ರೆ ಕಬ್ಬಿಣ ಕಮ್ಮಿ ಆಯ್ತು, ಮೇಲಾಗಿ ಕಾದು ತಣ್ಣಗಾಗಿ ಕಾದು ತಣ್ಣಗಾಗಿ ತೂತಿನ ಅಂಚಿಂದ ಬಿರುಕು ಶುರುವಾಗತ್ತೆ, ಅಗ್ಗದ ಡಿಸ್ಕಲ್ಲಿ ಇನ್ನೂ ಬೇಗ. ಸಾದಾ ವೆಂಟಿಲೇಟೆಡ್ ಡಿಸ್ಕ್ ಹಾಕಿ. ಕೆಂಪು ಕವರ್ ಬೇಡ, ಕ್ಯಾಲಿಪರ್ ಸುತ್ತ ಗಾಳಿ ಹೋಗೋ ಜಾಗ ಮುಚ್ಚತ್ತೆ, ನಿಮ್ ಕಾಯಿಲೆಗೆ ಅದು ಪೂರ್ತಿ ಉಲ್ಟಾ ಔಷಧಿ.

ಸ್ಟೀಲ್ ಹೋಸ್ ಹಾಕಿದ್ರೆ ಪೆಡಲ್ ಗಟ್ಟಿ ಅನ್ಸತ್ತೆ, ಕಾಲಿಗೆ ಹಿತ. ನಿಲ್ಲೋ ದೂರ ಅದ್ರಿಂದ ಕಮ್ಮಿ ಆಗಲ್ಲ. ನಿಮ್ ರಬ್ಬರ್ ಹೋಸ್ ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ಹೊಸ ಕಂಪನಿ ಹೋಸ್ ಹಾಕ್ಸಿದ್ರೂ ಸಾಕು. ನಿಮ್ ಜಾಗದಲ್ಲಿ ನಾನಾಗಿದ್ರೆ ಆಯಿಲ್, ಮುಂದೆ ಹಿಂದೆ ಪ್ಯಾಡು, ದಪ್ಪ ಕಮ್ಮಿ ಇದ್ರೆ ಮುಂದಿನ ಡಿಸ್ಕ್ ಜೋಡಿ, ಪಿನ್ ಗ್ರೀಸು, ಇಷ್ಟಕ್ಕೆ ನಿಲ್ಸಿ ಒಂದು ಘಾಟಿ ನೋಡಿ ಬರ್ತಿದ್ದೆ. ಪ್ಯಾಡ್ ಬೆಂಗಳೂರಿನ ಜೆಸಿ ರೋಡಲ್ಲಿ ತಗೊಳೋದಾದ್ರೆ ಬಿಲ್ ಕೊಡೋ ಡೀಲರ್ ಹತ್ರಾನೇ ತಗೊಳ್ಳಿ, ಬ್ರೇಕ್ ಪ್ಯಾಡಲ್ಲಿ ಡೂಪ್ಲಿಕೇಟ್ ಬರೋದು ಹೊಸದೇನಲ್ಲ.

ಹಾಕಿದ್ಮೇಲೆ ಬೆಡ್ಡಿಂಗ್ (ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಸೋದು) ಮಾಡ್ಲೇಬೇಕು. ಬೆಳಗಿನ ಜಾವ ಖಾಲಿ ರೋಡಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, 80ರಿಂದ 20ಕ್ಕೆ ಒಂದೇ ಸಮ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸ್ಬೇಡಿ, ಮತ್ತೆ ಸ್ಪೀಡ್ ಹಿಡೀರಿ, ಎಂಟ್ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಆದಷ್ಟು ದೂರ ಓಡ್ಸಿ ತಣ್ಣಗೆ ಮಾಡಿ. ಕಾದಿರೋವಾಗ ನಿಲ್ಸಿ ಪೆಡಲ್ ಒತ್ಕೊಂಡೇ ಇದ್ರೆ ಪ್ಯಾಡಿನ ಮಾಲು ಒಂದೇ ಜಾಗದಲ್ಲಿ ಡಿಸ್ಕಿಗೆ ಅಂಟತ್ತೆ, ಆಮೇಲೆ ಸ್ಟೇರಿಂಗ್ ನಡುಗತ್ತೆ, ಡಿಸ್ಕ್ ಬೆಂಡ್ ಆಗಿದೆ ಅಂತ ಗ್ಯಾರೇಜವ್ರು ಹೇಳೋದ್ರಲ್ಲಿ ಬಹಳಷ್ಟು ಕೇಸು ಇದೇ.

ಉಜಿರೆ_ದಾರಿ:

ನಾನು ಇದೇ ಘಾಟಿಯಲ್ಲಿ ಯಾವಾಗ್ಲೂ ಹತ್ತಿ ಇಳಿಯುವವ, ಸಾಮಾನಿನ ವಿಷಯ ಎಲ್ಲ ಬಂತು, ಓಡಿಸುವ ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನಿಮ್ಮದು ಡಿಎಸ್‌ಜಿ, ಅಂದ್ರೆ ಆಟೋಮ್ಯಾಟಿಕ್ ಗೇರು. ಅದನ್ನು ಡಿ ಯಲ್ಲಿ ಬಿಟ್ರೆ ಇಳಿಜಾರಿನಲ್ಲಿ ಸಹ ಪೆಟ್ರೋಲ್ ಉಳಿಸ್ಲಿಕ್ಕೆ ಮೇಲಿನ ಗೇರಿಗೆ ಹೋಗ್ತದೆ, ಇಂಜಿನ್ ಹಿಡಿತ ಎಂತದೂ ಸಿಗುವುದಿಲ್ಲ, ಎಲ್ಲ ಭಾರ ಬ್ರೇಕಿಗೆ ಬೀಳ್ತದೆ. ಘಾಟಿ ಶುರು ಆಗುವ ಮೊದಲೇ ಮ್ಯಾನ್ಯುಯಲ್ಲಿಗೆ ಹಾಕಿ ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಉಜ್ಜುತ್ತಾ ಬರ್ಬೇಡಿ, ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಸ್ಪೀಡು ಇಳಿಸಿ ಬಿಟ್ಟುಬಿಡಿ, ಎರಡು ತಿರುವಿನ ನಡುವೆ ಡಿಸ್ಕಿಗೆ ಸ್ವಲ್ಪ ಗಾಳಿ ಸಿಗ್ತದೆ. ಪೆಡಲ್ ಸ್ವಲ್ಪ ಬದಲಾದ ಹಾಗೆ ಅನಿಸಿದ್ರೂ ಜಾಗ ಇದ್ದಲ್ಲಿ ನಿಲ್ಲಿಸಿ, ಮನೆಯವರೆಲ್ಲ ಗಾಡಿಯಲ್ಲಿ ಇರುವಾಗ ಕೆಳಗೆ ಹೋಗಿ ನೋಡುವ ಅಂತ ಧೈರ್ಯ ಮಾಡುವುದು ಬೇಡ. ಮತ್ತೆ ಬಿಸಿ ಡಿಸ್ಕಿನ ಮೇಲೆ ನೀರು ಹೊಯ್ಬೇಡಿ, ಕೆಲವರು ಬಾಟ್ಲಿ ಹಿಡಿದುಕೊಂಡು ಹೊಯ್ಯುವುದು ನೋಡಿದ್ದೇನೆ, ಡಿಸ್ಕ್ ಬಿರುಕು ಬಿಡ್ಲಿಕ್ಕೆ ಸಾಕು ಅದು.

ಮಲ್ನಾಡ್_ಟಿಎಸ್‌ಐ:

ಉಜಿರೆಯವ್ರೇ, ನಾನು ಡಿ ಯಲ್ಲೇ ಬಿಟ್ಟಿದ್ದೆ ಅವತ್ತು, ಈಗ ಅರ್ಥ ಆಯ್ತು. ಶನಿವಾರ ಗ್ಯಾರೇಜಿಗೆ ಬಿಡ್ತೀನಿ. ಸ್ಪ್ಯಾನರ್ ಸರ್, ಹಿಂದಿನ ಪ್ಯಾಡ್ ಬದ್ಲಾಯ್ಸೋದು ನಮ್ಮೂರ ಮೆಕ್ಯಾನಿಕ್ ಕೈಲಿ ಆಗತ್ತಾ ಅಥವಾ ಬೆಂಗಳೂರಿಗೇ ಬರ್ಬೇಕಾ?

ಸ್ಪ್ಯಾನರ್_ಕೈ:

ಆಗತ್ತೆ ಸರ್, ಒಂದು ವಿಷ್ಯ ಹೇಳಿಟ್ಟಿರಿ. ಲಿವರ್ ಹ್ಯಾಂಡ್‌ಬ್ರೇಕ್ ಇರೋ ಗಾಡಿಯಲ್ಲಿ ಹಿಂದಿನ ಪಿಸ್ಟನ್ ತಿರುಗಿಸ್ತಾ ತಿರುಗಿಸ್ತಾ ಒಳಗೆ ಹಾಕ್ಬೇಕು, ಮುಂದಿನದರ ಥರ ಸುಮ್ನೆ ಸಿ ಕ್ಲ್ಯಾಂಪ್ ಹಾಕಿ ಒತ್ತಿದ್ರೆ ಒಳಗಿನ ಮೆಕ್ಯಾನಿಸಂ ಹಾಳಾಗತ್ತೆ. ಬಟನ್ ಹ್ಯಾಂಡ್‌ಬ್ರೇಕ್ ಆಗಿದ್ರೆ ಸ್ಕ್ಯಾನರ್ ಹಾಕಿ ಸರ್ವೀಸ್ ಮೋಡ್‌ಗೆ ತಂದ್ಮೇಲೇ ಮುಟ್ಬೇಕು. ಆ ಟೂಲ್ ಇದ್ಯಾ ಅಂತ ಫೋನಲ್ಲೇ ಕೇಳಿ, ಇಲ್ಲ ಅಂದ್ರೆ ಬೇರೆ ಗ್ಯಾರೇಜ್ ನೋಡಿ. ಆಯಿಲ್ ಡಬ್ಬಿ ಸೀಲ್ ನಿಮ್ ಎದುರೇ ಒಡೀಲಿ, ನಾಲ್ಕೂ ಕ್ಯಾಲಿಪರಿನ ನಿಪ್ಪಲ್ಲಿಂದ (ಹಳೇ ಆಯಿಲ್ ಹೊರಬಿಡೋ ಜಾಗ) ಹೊಸ ಬಣ್ಣದ ಆಯಿಲ್ ಬರೋವರೆಗೆ ಬಿಡಿಸಿ, ಗ್ಯಾರೇಜಿಂದ ಆಚೆ ತರೋ ಮೊದ್ಲು ನಿಂತಲ್ಲೇ ಪೆಡಲ್ ಕೆಲವು ಸಲ ಒತ್ತಿ ಗಟ್ಟಿ ಆಗಿದ್ಯಾ ನೋಡ್ಕೊಳ್ಳಿ.