ಸಾಗರದಿಂದ ಬಂದ ಅಪ್ಪ ಅಮ್ಮನಿಗೆ ಉತ್ತರ ಮಿನ್ನೆಸೋಟದಲ್ಲಿ ಏನು ತೋರಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಾವು ಮಿನಿಯಾಪೊಲಿಸ್‌ನಲ್ಲಿದ್ದೇವೆ. ಸಾಗರದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಆಗಸ್ಟ್ ಕೊನೆಗೆ ಮೂರು ದಿನ ರಜೆ. ವಾಯೇಜರ್ಸ್, ಐಲ್ ರಾಯಲ್, ಗ್ರ್ಯಾಂಡ್ ಪೋರ್ಟೇಜ್ ಮೂರೂ ನೋಡಬಹುದಾ? ಅಮ್ಮನಿಗೆ ಮಂಡಿ ನೋವು.

ಉತ್ತರ: ಮೂರೂ ಬೇಡಮ್ಮ. ನಾನು ಈ ಭಾಗದಲ್ಲಿ ಗೈಡ್ ಆಗಿರುವುದರಿಂದ ನೇರವಾಗಿ ಹೇಳ್ತೀನಿ. ವಾಯೇಜರ್ಸ್ ಪಾರ್ಕ್‌ನ ಸುಮಾರು 40% ಬರೀ ನೀರು. ಕಾರು ವಿಸಿಟರ್ ಸೆಂಟರ್ ತನಕ ಹೋಗುತ್ತದೆ, ಅಷ್ಟೇ. ಟೂರ್ ಬೋಟ್ ಸೀಟು ಮೊದಲೇ ಬುಕ್ ಮಾಡದೆ ಐದು ಗಂಟೆ ಡ್ರೈವ್ ಮಾಡಿ, ದಡದಲ್ಲಿ ಫೋಟೋ ತೆಗೆದು ವಾಪಸ್ ಹೋದವರನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಐಲ್ ರಾಯಲ್ ಸುಪೀರಿಯರ್ ಸರೋವರದ ಮಧ್ಯದ ದ್ವೀಪ. ಅಲೆ ಜೋರು, ಅಲ್ಲಿ ಕಾರಿಲ್ಲ, ದಾರಿ ತುಂಬ ಕಲ್ಲು, ಬೇರು. ಅಮ್ಮನಿಗೆ ಕಷ್ಟ. ಆಕಾಶ ತಿಳಿಯಾಗಿದ್ದರೆ ಗ್ರ್ಯಾಂಡ್ ಪೋರ್ಟೇಜ್ ಬಳಿಯ ಮೌಂಟ್ ಜೋಸೆಫಿನ್ ಗುಡ್ಡದ ಹತ್ತಿರ ರಸ್ತೆ ಬದಿಯಿಂದಲೇ ಆ ದ್ವೀಪ ಕಾಣುತ್ತದೆ.

ಗ್ರ್ಯಾಂಡ್ ಪೋರ್ಟೇಜ್‌ಗೇ ಹೋಗಿ. ತುಪ್ಪಳ ವ್ಯಾಪಾರಿಗಳ ಹಳೆಯ ಕೋಟೆಯನ್ನು ಮತ್ತೆ ಕಟ್ಟಿ ನಿಲ್ಲಿಸಿರುವ ರಾಷ್ಟ್ರೀಯ ಸ್ಮಾರಕ ಅದು. ಪ್ರವೇಶ ಶುಲ್ಕ ಇಲ್ಲ. ಮೊದಲು ಪಿಜನ್ ನದಿಯ ಹೈ ಫಾಲ್ಸ್ ತೋರಿಸಿ, ದಾರಿ ಅರ್ಧ ಮೈಲಿ, ನಡೆಯಲು ಸುಲಭ. ಜೋಗ ನೋಡಿದವರಿಗೆ 120 ಅಡಿ ಏನು ಮಹಾ ಅನ್ನಿಸಬಹುದು. ಆದರೆ ಈ ಜಲಪಾತ, ಇಂಥ ರಭಸದ ಹರಿವು ಇದ್ದದ್ದರಿಂದಲೇ ಇಲ್ಲಿ ದೋಣಿ ಸಾಗುತ್ತಿರಲಿಲ್ಲ. ತುಪ್ಪಳದ ವ್ಯಾಪಾರದ ಕಾಲದಲ್ಲಿ ಆಳುಗಳು ಸಾಮಾನು ಹೊತ್ತು ಎಂಟೂವರೆ ಮೈಲಿ ಕಾಡಿನಲ್ಲಿ ನಡೆಯುತ್ತಿದ್ದರು. ಒಂದು ಮೂಟೆ 41 ಕಿಲೋ. ಒಬ್ಬನಿಗೆ ಎರಡು! ಹಣೆಗೆ ಚರ್ಮದ ಪಟ್ಟಿ, ಭಾರ ಬೆನ್ನಿಗೆ.

ಕೋಟೆ ಗೋಡೆಯ ಹೊರಗಿರುವ ದೋಣಿಮನೆ ತಪ್ಪಿಸಬೇಡಿ. ಬರ್ಚ್ ಮರದ ತೊಗಟೆಯನ್ನು ಬೇರಿನಿಂದ ಹೊಲಿದು, ಅಂಟು ಮೆತ್ತಿದ ದೋಣಿಗಳು. ಆ ವಿದ್ಯೆ ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರದ್ದು. ಮೂಟೆ ಹೊತ್ತು ನಡೆದ ಆ ಕಾಡುದಾರಿಯೂ ಅವರದ್ದೇ. ಸ್ಮಾರಕಕ್ಕೆ ನೆಲ ಕೊಟ್ಟವರೂ ಅವರೇ. ಇದನ್ನು ಅಪ್ಪ ಅಮ್ಮನಿಗೆ ಖಂಡಿತ ಹೇಳಿ.

ಪ್ರಶ್ನೆ: ಥ್ಯಾಂಕ್ಸ್ ಸರ್! ಅಪ್ಪ ಅಡಿಕೆ ಮೂಟೆ ಹೊತ್ತವರು, ಅವರಿಗಂತೂ ಖುಷಿಯಾಗುತ್ತೆ. ಅವರಿಬ್ಬರೂ ವಿಸಿಟರ್ ವೀಸಾದಲ್ಲಿದ್ದಾರೆ. ಕೆನಡಾ ಗಡಿ ಹತ್ತಿರ ಅಲ್ವಾ?

ಉತ್ತರ: ತೀರಾ ಹತ್ತಿರ. ಹೈ ಫಾಲ್ಸ್‌ನಲ್ಲಿ ಎದುರಿನ ದಡವೇ ಕೆನಡಾ. ಹೆದರಬೇಡಿ, ಪಾಸ್‌ಪೋರ್ಟ್ ಜೊತೆಗಿರಲಿ. ಪಾರ್ಕಿಂಗ್‌ನಿಂದ ಹೊರಬಂದಾಗ ವಾಪಸ್ ಊರ ಕಡೆಗೇ ತಿರುಗಿ. ತಪ್ಪಿ ಮುಂದೆ ಹೋದರೆ ಗಡಿ ಸೇತುವೆ. ಫೋನ್ ಕೆನಡಾ ಟವರ್ ಹಿಡಿಯಬಹುದು, ರೋಮಿಂಗ್ ಆಫ್ ಮಾಡಿಡಿ. ಸರೋವರದ ಗಾಳಿ ಆಗಸ್ಟ್‌ನಲ್ಲೂ ಕೊರೆಯುತ್ತದೆ. ಅಮ್ಮನಿಗೆ ಸ್ವೆಟರ್ ಮರೀಬೇಡಿ.